ಟೇಪಿನ ಆ ಕಡೆ

ನಮ್ಮ ಕಚೇರಿಗೆ ಹೊಸ ಮ್ಯಾನೇಜರ್ ಬಂದು ಮೂರು ವಾರ ಆಗಿರಲಿಲ್ಲ, ಆಗಲೇ ಒಂದು ಸುತ್ತೋಲೆ ಹೊರಡಿಸಿದಳು. ಪ್ರತಿ ಶುಕ್ರವಾರ ಸಂಜೆ ಚಹಾ ಆದ ಮೇಲೆ ಒಬ್ಬೊಬ್ಬರು ತಮ್ಮ ಹದಿನಾರನೇ ವಯಸ್ಸಿನ ಹಾಡೊಂದನ್ನು ಎಲ್ಲರಿಗೂ ಕೇಳಿಸಬೇಕು, ಅದು ಯಾಕಷ್ಟು ಇಷ್ಟ ಎಂದು ಹೇಳಬೇಕು. ಇದರಿಂದ ಸಿಬ್ಬಂದಿಯ ನಡುವೆ ಸೌಹಾರ್ದ ಬೆಳೆಯುತ್ತದಂತೆ. ಸುತ್ತೋಲೆಯನ್ನು ಟೈಪ್ ಮಾಡಿದವಳು ನಾನೇ. ‘ಸೌಹಾರ್ದ’ ಎಂಬಲ್ಲಿಗೆ ಬಂದಾಗ ನಗು ತಡೆಯಲಾಗಲಿಲ್ಲ. ನಾನೂ ದಾಖಲೆ ಕೋಣೆಯ ಗುಮಾಸ್ತನೂ ಮಾತು ಬಿಟ್ಟು ಆಗ ಹನ್ನೊಂದು ವರ್ಷವಾಗಿತ್ತು.

ಜಗಳ ಫ್ಯಾನಿನದು. ನನ್ನ ಮೇಜು ದಾಖಲೆ ಕೋಣೆಯ ಬಾಗಿಲ ಪಕ್ಕದಲ್ಲಿದೆ. ಫ್ಯಾನ್ ನನ್ನ ತಲೆಯ ಮೇಲಿದೆ. ಅದನ್ನು ಹಾಕಿದರೆ ಅವನ ಕಾಗದಗಳು ಹಾರುತ್ತವೆ, ಹಾಕದಿದ್ದರೆ ನಾನು ಬೇಯುತ್ತೇನೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ನಾನು ಅವನಿಗೆ ಕಡತಪ್ಪ ಎಂದು ಹೆಸರಿಟ್ಟೆ. ಅವನು ನನಗೆ ಬಿರುಗಾಳಿ ಎಂದು ಹೆಸರಿಟ್ಟಿದ್ದಾನೆ ಎಂದು ಡ್ರೈವರ್ ಬಂದು ಹೇಳಿದ. ನಮ್ಮ ವ್ಯವಹಾರವೆಲ್ಲ ಚೀಟಿಯಲ್ಲಿ. ‘ದಯವಿಟ್ಟು ಫ್ಯಾನ್ ನಿಧಾನ ಮಾಡುವುದು.’ ‘ದಯವಿಟ್ಟು ಬಾಗಿಲು ಹಾಕಿಕೊಳ್ಳುವುದು.’ ಅವನು ಬಾಗಿಲು ಹಾಕಿಕೊಂಡ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋದಾಗ ನಾನು ಮೇಜಿನ ಮೇಲೇ ಡಬ್ಬಿ ಬಿಚ್ಚಿ, ಫ್ಯಾನನ್ನು ಐದಕ್ಕೆ ತಿರುಗಿಸಿ, ಅದರ ಗಡಗಡ ಸದ್ದಿನಲ್ಲಿ ಗೆದ್ದ ಸುಖದಿಂದ ಉಣ್ಣುತ್ತಿದ್ದೆ.

ಶುಕ್ರವಾರಗಳು ಶುರುವಾದವು. ಮೊದಲ ವಾರ ಡ್ರೈವರ್ ಒಂದು ವಿರಹಗೀತೆ ಹಾಕಿ ಗಳಗಳನೆ ಅತ್ತ. ಹದಿನಾರರಲ್ಲಿ ಅವನಿಗೆ ಕೈಕೊಟ್ಟವಳು ಯಾರೆಂದು ಕೇಳಿದರೆ, ಯಾರೂ ಇಲ್ಲವಂತೆ, ಹಾಡಿಗಾಗಿ ಅತ್ತನಂತೆ. ಎರಡನೇ ವಾರ ನಮ್ಮ ಸೂಪರಿಂಟೆಂಡೆಂಟ್. ಸಂಗೀತ ಎಂದರೆ ಶಾಸ್ತ್ರೀಯ, ಮಿಕ್ಕಿದ್ದೆಲ್ಲ ಗದ್ದಲ ಎಂದು ಮೂವತ್ತು ವರ್ಷ ಉಪದೇಶ ಮಾಡಿದ ಮಹಾನುಭಾವರು ಒಂದು ಡಿಸ್ಕೋ ಹಾಡು ಹಾಕಿ, ಕುರ್ಚಿಯಲ್ಲಿ ಕೂತಂತೆಯೇ ಭುಜ ಕುಣಿಸಿದರು. ಬೀಗತಿಯರ ಮುಂದೆ ಮಾತ್ರ ಹೇಳಬೇಡಿ ಎಂದು ಕೈ ಮುಗಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆಗ ಮ್ಯಾನೇಜರ್ ನನ್ನ ಕಡೆ ತಿರುಗಿದಳು.

“ಮುಂದಿನ ವಾರ ನೀವೇ ಮೇಡಂ. ಯಾವ ಹಾಡು?”

“ಅದನ್ನ ಶುಕ್ರವಾರವೇ ಕೇಳೋರಂತೆ,” ಎಂದೆ. ಬಾಯಿಗೆ ಬಂದದ್ದು ಅದೊಂದೇ.

ನಿಜ ಹೇಳುತ್ತೇನೆ. ನನಗೆ ಹದಿನಾರರಲ್ಲಿ ಇದ್ದದ್ದು ಒಂದೇ ಹಾಡು, ಅದೂ ಅರ್ಧ. ನಮ್ಮಪ್ಪನಿಗೆ ಹಾಡೆಂದರೆ ಹೆಣ್ಣುಮಕ್ಕಳು ಹಾಳಾಗುವ ದಾರಿ. ಮನೆಯಲ್ಲಿ ರೇಡಿಯೋ ಕೂಡ ಇರಲಿಲ್ಲ. ಕೈಗೊಂದು ಕಸುಬಿರಲಿ ಎಂದು ನನ್ನನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದ, ಬೆಳಗಿನ ಬ್ಯಾಚಿಗೆ. ಅಲ್ಲಿನ ಮಾಸ್ತರರದು ಒಂದು ಪದ್ಧತಿ. ಬೆರಳಿಗೆ ಲಯ ಕೂರಬೇಕೆಂದು ಟೇಪ್ ರೆಕಾರ್ಡರಿನಲ್ಲಿ ಕ್ಲಾರಿನೆಟ್ಟಿನ ಒಂದು ಉದ್ದನೆಯ ರಾಗಮಾಲೆ ಹಾಕುತ್ತಿದ್ದರು. ಮಾತಿಲ್ಲ, ಬರೀ ವಾದ್ಯ. ಅದರ ತಾಳಕ್ಕೆ ಹನ್ನೆರಡು ಮಷೀನುಗಳು ಒಟ್ಟಿಗೆ ಟಕಟಕ ಎನ್ನಬೇಕು. ಯಾರಾದರೂ ಗೂನು ಬೆನ್ನು ಮಾಡಿದರೆ ಮಾಸ್ತರರು ಸ್ಕೇಲಿನಿಂದ ಮೇಜಿಗೆ ಬಡಿದು “ಬೆನ್ನು ನೇರ!” ಎನ್ನುತ್ತಿದ್ದರು. ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಮಗಳು ಕಸುಬು ಕಲಿಯುತ್ತಿದ್ದಾಳೆ ಎಂದುಕೊಂಡಿದ್ದ. ಮಗಳು ದಿನಕ್ಕೊಂದು ಗಂಟೆ ಹಾಳಾಗುತ್ತಿದ್ದಳು.

ಆದರೆ ಆ ರಾಗ ಅರ್ಧಗಂಟೆಯಾಗಿ, ಪಲ್ಲವಿ ಮರಳಿ ಬಂದು, ಹೊಸದೇನೋ ಒಂದು ಏರಲು ಹೊರಟ ಹೊತ್ತಿಗೆ ಸರಿಯಾಗಿ ಟೇಪ್ ಮುಗಿದು ‘ಟಕ್’ ಎನ್ನುತ್ತಿತ್ತು. ಮಾಸ್ತರರು ಹಿಂದಕ್ಕೆ ಸುತ್ತಿ ಅದೇ ಕಡೆಯನ್ನು ಮತ್ತೆ ಹಾಕುತ್ತಿದ್ದರು. ಟೇಪಿನ ಆ ಕಡೆ ಸಂಜೆಯ ಬ್ಯಾಚಿಗೆ ಮೀಸಲು. ಸಂಜೆ ಹೊತ್ತು ಹೊರಗೆ ಹೋಗುವುದಕ್ಕೆ ಅಪ್ಪ ಒಪ್ಪುವವನಲ್ಲ. “ಸಾರ್, ಇದು ಯಾವ ಹಾಡು?” ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. “ಅದು ಹಾಡಲ್ಲಮ್ಮ, ಸ್ಪೀಡು,” ಎಂದರು. ಎಂದಾದರೊಂದು ಬೆಳಿಗ್ಗೆ ಅವರು ಮರೆತು ಆ ಕಡೆ ಹಾಕಿಯಾರು ಎಂಬ ಆಸೆಯಿಂದ ನಾನು ಪರೀಕ್ಷೆಯಲ್ಲಿ ಬೇಕೆಂದೇ ಫೇಲಾದೆ. ಇನ್ನೂ ಆರು ತಿಂಗಳು ಕೂತೆ. ಮಾಸ್ತರರು ಮರೆಯಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಂದು ಪ್ರೇಮದ ಹುಚ್ಚು ಅದು, ಅದನ್ನೂ ಟಕ್ ಎಂದು ನಿಲ್ಲಿಸಿಬಿಟ್ಟರು.

ಆ ವಾರವೆಲ್ಲ ಹಾಡಿನ ಬೇಟೆ. ತಂಗಿಗೆ ಫೋನಿನಲ್ಲಿ ಗುನುಗಿದೆ. “ಅಕ್ಕಾ, ಮಿಕ್ಸಿ ಆಫ್ ಮಾಡಿ ಮಾತಾಡು,” ಎಂದಳು. ಹಾಡು ಹುಡುಕಿಕೊಡುವ ಸೌಲಭ್ಯ ಫೋನಿನಲ್ಲೇ ಇದೆ ಎಂದು ಡ್ರೈವರ್ ತೋರಿಸಿಕೊಟ್ಟ. ಅದರ ಮುಂದೆ ನಾಲ್ಕು ಸಲ ಗುನುಗಿದೆ. ಮೂರು ಸಲ ಸಿಗಲಿಲ್ಲ ಎಂದಿತು, ನಾಲ್ಕನೆಯ ಸಲ ಶಿಶುಗೀತೆಯೊಂದನ್ನು ಹಾಡಲು ಶುರುಮಾಡಿತು. ಯಾವುದೋ ಸಿನಿಮಾ ಹಾಡು ಹಾಕಿ ಇದೇ ನನ್ನದು ಎಂದುಬಿಡಬಹುದಿತ್ತು. ಆದರೆ ಅದೊಂದು ವಿಷಯದಲ್ಲಿ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. ನಿವೃತ್ತಿಗೆ ಏಳು ತಿಂಗಳಿತ್ತು. ಆ ರಾಗ ಕೊನೆಗೆ ಎಲ್ಲಿಗೆ ಹೋಯಿತು ಎಂದು ತಿಳಿಯದೆಯೇ ನಾನು ಈ ಮೇಜು ಬಿಟ್ಟು ಏಳಬೇಕೇ ಎನಿಸಿತು.

ಗುರುವಾರ ಮಧ್ಯಾಹ್ನ ಡಬ್ಬಿ ಬಿಚ್ಚಿದೆ, ಫ್ಯಾನ್ ತಿರುಗಿಸಿದೆ. ಫ್ಯಾನ್ ಒಂದು ಸುತ್ತು ಸುತ್ತಿ ನಿಂತುಹೋಯಿತು. ಕಡತಪ್ಪನದೇ ಕಿತಾಪತಿ, ಸಂಶಯವೇ ಬೇಡ ಎಂದುಕೊಂಡು, ಅವನಿಗೆ ನಾಲ್ಕು ಮಾತು ಬಿಸಿಬಿಸಿ ಅಂದೇ ಬಿಡಬೇಕೆಂದು ಎದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಆ ಹೊತ್ತಿನಲ್ಲಿ ಕಚೇರಿ ನಿಶ್ಶಬ್ದವಾಗಿತ್ತು. ಮುಚ್ಚಿದ ಬಾಗಿಲ ಹಿಂದಿನಿಂದ ಟಕಟಕ ಸದ್ದು ಬಂತು. ಅದರ ಜೊತೆಗೆ ಮೂಗಿನಲ್ಲಿ ಯಾರೋ ಗುನುಗುತ್ತಿದ್ದರು.

ನನ್ನ ಪಲ್ಲವಿ. ನಾನು ಬಾಗಿಲ ಹಿಡಿಯನ್ನು ಹಿಡಿದು ನಿಂತೆ. ಪಲ್ಲವಿ ಮುಗಿಯಿತು, ‘ಟಕ್’ ಎನ್ನಬೇಕಾದ ಜಾಗ ಬಂತು, ಟಕ್ ಎನ್ನಲಿಲ್ಲ. ಗುನುಗು ಮೇಲಕ್ಕೆ ಏರಿತು. ನಲವತ್ತೆರಡು ವರ್ಷ ನಾನು ಕಾದಿದ್ದ ಕಡೆಗೆ ಆ ಮೂಗು ಸಲೀಸಾಗಿ ನಡೆದುಹೋಯಿತು.

ಬಾಗಿಲು ದೂಡಿದೆ. ಕಡತಗಳ ರಾಶಿಯ ನಡುವೆ, ಗುಜರಿಗೆ ಹೋಗಬೇಕಿದ್ದ ಹಳೆಯ ಟೈಪ್‌ರೈಟರಿನ ಮುಂದೆ ಅವನು ಕೂತಿದ್ದ. ಮಷೀನಿನಲ್ಲಿ ಕಾಗದವೇ ಇರಲಿಲ್ಲ. ಸಿಕ್ಕಿಬಿದ್ದ ಕಳ್ಳನಂತೆ ಎದ್ದು ನಿಂತ.

“ಫ್ಯಾನು ನಾನು ಮುಟ್ಟಿಲ್ಲ ರೀ,” ಎಂದ. ನಾನು ಕೇಳುವ ಮೊದಲೇ.

“ಫ್ಯಾನ್ ಹಾಳಾಗ್ಲಿ. ಬೆನ್ನು ನೇರ!” ಎಂದೆ.

ಅವನ ಬೆನ್ನು ತಾನಾಗಿಯೇ ನೇರವಾಯಿತು. ಆಮೇಲೆ ಬಾಯಿ ತೆರೆಯಿತು. “ನೀವು... ಬೆಳಗಿನ ಬ್ಯಾಚಾ?”

“ನೀವು ಸಂಜೇದಾ?” ಆ ಕ್ಷಣದಿಂದ ನನ್ನ ಬಾಯಲ್ಲಿ ಅವನು ಅವರಾದರು.

“ಶುರು ಹೇಗಿದೆ?” ಎಂದು ಅವರು ಮೆಲ್ಲಗೆ ಕೇಳಿದರು. “ನಮ್ಗೆ ಆ ಕಡೆ ಮಾತ್ರ ಹಾಕ್ತಿದ್ರು. ಮಧ್ಯದಿಂದಲೇ ಶುರು ಆಗೋದು. ಪಲ್ಲವಿಯೇನೋ ಅದರಲ್ಲೂ ಬರ್ತಿತ್ತು. ಮೊದ್ಲು ಏನಿತ್ತು ಅಂತ ಕೇಳ್ಬೇಕು ಅಂತಲೇ ನಾನು ಫೇಲಾಗಿದ್ದು.”

“ನಾನೂ ಫೇಲಾದೆ ರೀ. ಬೇಕೂ ಅಂತ.”

“ಎಷ್ಟು ಸಲ?”

“ಒಂದ್ಸಲ.”

“ನಾನು ಮೂರು,” ಎಂದರು, ಪದಕ ತೋರಿಸುವವರ ಹಾಗೆ. ಸೇರಿಗೆ ಸವ್ವಾಸೇರು! ಮೂರು ಸಲವೂ ಅವರಪ್ಪ ಚಪ್ಪಲಿ ಕೈಗೆ ತೆಗೆದುಕೊಂಡಿದ್ದರಂತೆ.

“ದಿನಾ ಹೀಗೆ ಬಾರಿಸ್ತೀರಾ?”

“ದಿನಾ. ಊಟದ ಹೊತ್ತಲ್ಲಿ. ನಿಮ್ಮ ಫ್ಯಾನ್ ಸದ್ದಿರತ್ತಲ್ಲ, ಯಾರಿಗೂ ಕೇಳ್ಸಲ್ಲ ಅನ್ನೋ ಧೈರ್ಯ.”

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನಾನು ಬೇರೆಯವರಿಗೆ ಎಷ್ಟು ಸಲ ಹೇಳಿಲ್ಲ! ಆ ಕೂಸು ಹನ್ನೊಂದು ವರ್ಷ ಬಾಗಿಲಿನಾಚೆಯಲ್ಲೇ ಅಳುತ್ತಿತ್ತು. ನಾನು ಹಟಕ್ಕೆ ಬಿದ್ದು ಫ್ಯಾನ್ ಹಾಕಿಕೊಂಡು ಉಣ್ಣುತ್ತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಈಗಲೇ ಕೊನೆವರೆಗೂ ಗುನುಗಿ,” ಎಂದೆ.

“ಇಲ್ಲ. ನೀವು ಮೊದ್ಲಿಂದ ಶುರು ಮಾಡ್ಬೇಕು, ಆಮೇಲೆ ನಾನು,” ಎಂದು ಅವರು ಪಟ್ಟು ಹಿಡಿದರು. ಅಷ್ಟು ಹೊತ್ತಿಗೆ ಊಟಕ್ಕೆ ಹೋದವರು ವಾಪಸು ಬಂದರು.

ಶುಕ್ರವಾರ ಚಹಾ ಆದ ಮೇಲೆ ಟೈಪ್‌ರೈಟರನ್ನು ಹೊತ್ತು ತಂದು ಮ್ಯಾನೇಜರ್ ಮೇಜಿನ ಮೇಲಿಟ್ಟೆವು. ನಾವಿಬ್ಬರೂ ಒಂದೇ ವಸ್ತುವನ್ನು ಎರಡು ಕಡೆ ಹಿಡಿದಿರುವುದನ್ನು ನೋಡಿಯೇ ಸೂಪರಿಂಟೆಂಡೆಂಟರು ಚಹಾ ಚೆಲ್ಲಿಕೊಂಡರು. ನಾನು ಕೂತೆ. ಟೈಪ್ ಮಾಡುತ್ತ ಗುನುಗಿದೆ. ನನ್ನದು ಹಾಡುವ ಕಂಠವಲ್ಲ, ಗೊತ್ತು. ಮೊದಮೊದಲು ಡ್ರೈವರ್ ಕಿಸಿಕಿಸಿ ನಕ್ಕ. ಆಮೇಲೆ ನನ್ನ ಬೆರಳುಗಳು ಹದಿನಾರಕ್ಕೆ ಹೋದವು, ಅವನು ನಗುವುದನ್ನು ಮರೆತ. ಪಕ್ಕದಲ್ಲಿ ನಿಂತಿದ್ದ ಕಡತಪ್ಪನವರು ಕಣ್ಣು ಮುಚ್ಚಿಕೊಂಡು, ತಾವು ಕೇಳದೇ ಉಳಿದಿದ್ದ ಶುರುವನ್ನು ಕೇಳುತ್ತಿದ್ದರು. ಪಲ್ಲವಿ ಮರಳಿ ಬಂತು. ‘ಟಕ್’ ಬರುವ ಜಾಗದಲ್ಲಿ ನಾನು ಎದ್ದೆ, ಅವರು ಕೂತರು, ತಾಳ ತಪ್ಪಲಿಲ್ಲ.

ಆ ರಾಗ ಏರಿತು, ಒಂದಿಷ್ಟು ಹೊತ್ತು ಅಲ್ಲೇ ಆಟವಾಡಿತು, ಆಮೇಲೆ ಅವಸರವಿಲ್ಲದೆ ಇಳಿದು, ನಾನು ಬಲ್ಲ ಪಲ್ಲವಿಗೇ ಬಂದು ಕೂತಿತು. ಅಷ್ಟೇ. ಎಲ್ಲಿಗೋ ಹೋಗಿಬಿಟ್ಟಿದೆ ಎಂದು ನಾನು ಜೀವಮಾನವಿಡೀ ಅಂದುಕೊಂಡದ್ದು ಮನೆಗೇ ವಾಪಸು ಬಂದಿತ್ತು. ನಾನು ಅಳುತ್ತಿದ್ದೆ. ಎಲ್ಲರ ಮುಂದೆಯೇ ಅತ್ತೆ, ನಾಚಿಕೆಪಡಲಿಲ್ಲ. ಡ್ರೈವರಂತೂ ನನಗಿಂತ ಜೋರಾಗಿ ಅಳುತ್ತಿದ್ದ.

“ಹಾಡಿನ ಹೆಸರೇನು?” ಎಂದು ಮ್ಯಾನೇಜರ್ ಮೂಗೊರೆಸಿಕೊಂಡು ಕೇಳಿದಳು.

“ಸ್ಪೀಡು,” ಎಂದೆವು ಇಬ್ಬರೂ ಒಟ್ಟಿಗೆ.

ಸೋಮವಾರ ಫ್ಯಾನ್ ರಿಪೇರಿಯಾಯಿತು. ಅದರ ಸ್ವಿಚ್ಚಿನ ಮೇಲೆ ‘ಮಧ್ಯಾಹ್ನ ಒಂದು ಗಂಟೆಯಿಂದ ಎರಡರವರೆಗೆ ಹಾಕಕೂಡದು’ ಎಂಬ ಚೀಟಿ ಅಂಟಿಸಿದವಳು ನಾನೇ. ಆ ಹೊತ್ತಿನಲ್ಲಿ ದಾಖಲೆ ಕೋಣೆಯಲ್ಲಿ ಬೆವರು ಸುರಿಸುತ್ತ ಟೇಪಿನ ಆ ಕಡೆಯನ್ನು ಕಲಿಯುತ್ತಿದ್ದೇನೆ. ಮಾಸ್ತರರಿಗಿಂತ ಕಡತಪ್ಪನವರೇ ಬಿಗಿ. ತಪ್ಪಿದರೆ ಸ್ಕೇಲಿನಿಂದ ಮೇಜಿಗೆ ಬಡಿಯುತ್ತಾರೆ.

“ಅಯ್ಯೋ, ಮತ್ತೆ ಅದೇ ಜಾಗದಲ್ಲಿ ಎಡವಿದ್ರಲ್ಲ! ಇಷ್ಟು ಸುಲಭದ್ದು ಇನ್ನೂ ಬರಲ್ವಾ?”

“ವಯಸ್ಸಾಯ್ತಲ್ಲ ಸಾರ್, ತಲೆಗೆ ಹತ್ತಲ್ಲ,” ಎನ್ನುತ್ತೇನೆ.

ಮೊದಲ ವಾರವೇ ಹತ್ತಿದೆ. ಬೇಕೆಂದೇ ಫೇಲಾಗುತ್ತಿದ್ದೇನೆ. ನಿವೃತ್ತಿಗೆ ಇನ್ನೂ ಆರು ತಿಂಗಳಿದೆ.