ರೇಣು ಏರಿಸಿದ ವೇಗ

ಬೈಲಹೊಂಗಲದ ಸುಭಾಸನ ಫೋಟೋ ಸ್ಟುಡಿಯೋದಲ್ಲಿ ಮದುವೆಯ ವಿಡಿಯೋಗಳಿಗೆ ಹಾಡು ಕೂಡಿಸಿ ಸಿಡಿ ಮಾಡುವ ಕೆಲಸ ರೇಣುವಿನದು. ಬಿ.ಎ. ಮುಗಿಸಿದ ಹುಡುಗಿ, ಮಾತು ಕಡಿಮೆ. ಕೂತು ಮಾಡುವ ಕೆಲಸವೇ, ಆದರೆ ಕಾದು ಕಾದೇ ಮೈ ಸೋಲುತ್ತಿತ್ತು. ಮಾಲೆ ಹಾಕುವ ದೃಶ್ಯದ ಮೇಲೆ ನಾಲ್ಕು ಗುಲಾಬಿ ಉದುರಿಸಿದರೆ ಸಾಕು, ಕಂಪ್ಯೂಟರ್ ಏದುಸಿರು ಬಿಡುತ್ತ ಕೂತುಬಿಡುತ್ತಿತ್ತು. ಕರೆಂಟು ಯಾವಾಗ ಹೋದೀತೋ, ಎದ್ದು ಹೋಗುವಂತಿಲ್ಲ. ಅಷ್ಟರಲ್ಲಿ ಆಕೆಯ ಊರು ಕಿತ್ತೂರಿನ ಸಂಜೆ ಬಸ್ಸು ಹೊರಟಿರುತ್ತಿತ್ತು. ಲಗ್ನಸರಾಯಿ, ಅಂದರೆ ಮದುವೆಯ ಹಂಗಾಮು, ಶುರುವಾದಾಗಿನಿಂದ ಆಕೆ ತನ್ನ ಮನೆಯನ್ನು ಸಂಜೆಯ ಬೆಳಕಿನಲ್ಲಿ ನೋಡಿರಲಿಲ್ಲ.

ಪ್ರೊಸೆಸರಿನ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ತುಸು ಏರಿಸಬಹುದೆಂದು ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಓದಿದಾಗ ಆಕೆಯ ಕಣ್ಣಿಗೆ ಕಂಡದ್ದು ಆ ಬಸ್ಸೇ.

ಮೊದಲು ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು. ಮಾರ್ಕೆಟ್ಟಿನ ಕಡೆಯಿಂದ ಹಾರಿಬರುವ ಹತ್ತಿಯ ಎಳೆ ಫ್ಯಾನಿಗೆ ದಪ್ಪಗೆ ಮೆತ್ತಿಕೊಂಡಿತ್ತು. ಮದುಮಕ್ಕಳಿಗೆ ಪೌಡರು ಹಚ್ಚುವ ಬ್ರಶ್ಶಿನಿಂದ ಅದನ್ನು ತೆಗೆಯತೊಡಗಿದಳು.

“ಅದಕ್ಕೂ ಮೇಕಪ್ ಮಾಡಾಕ್ಹತ್ತಿ ಏನವಾ?” ಸುಭಾಸ ನಕ್ಕ. “ಸುಟ್ಟಗಿಟ್ಟೀತು, ನೋಡ್ಕೊ.”

“ಸುಡಾಂಗಿಲ್ರಿ ಅಣ್ಣಾರ. ಜರಾ ಜರಾನ ಏರಸ್ತೇನಿ.”

ಹಾಗೆಯೇ ಮಾಡಿದಳು. ಒಂದು ಮೆಟ್ಟಿಲು ಏರಿಸುವುದು, ಹಳೆಯ ಮದುವೆಯೊಂದನ್ನು ಓಡಿಸುವುದು, ಬಿಸಿ ಎಷ್ಟಾಯಿತೆಂದು ನೋಡುವುದು. ಬಿಸಿ ಹೆಚ್ಚಿಸುವ ವೋಲ್ಟೇಜಿನ ತಂಟೆಗೆ ಹೋಗಲಿಲ್ಲ. ಒಮ್ಮೆ ಮದುಮಗ ತಾಳಿ ಹಿಡಿದಲ್ಲೇ ಕಂಪ್ಯೂಟರ್ ನಿಂತುಬಿಟ್ಟಿತು. ತಕ್ಷಣ ಎರಡು ಮೆಟ್ಟಿಲು ಇಳಿಸಿದಳು. ಆಮೇಲೆ ಎಲ್ಲೂ ನಿಲ್ಲಲಿಲ್ಲ.

ಮರುದಿನ ಸವದತ್ತಿಯವರ ಮದುವೆ ಬಸ್ಸಿಗಿಂತ ಮುಂಚೆಯೇ ಮುಗಿಯಿತು. ರೇಣು ಚೀಲ ಹೆಗಲಿಗೇರಿಸುವಷ್ಟರಲ್ಲಿ ಸುಭಾಸ ಇನ್ನೊಂದು ಕ್ಯಾಸೆಟ್ ಹಿಡಿದು ಬಂದ.

“ಮಷೀನ ಕುದರಿ ಆಗೇತಲ್ಲ, ಇದನ್ನೂ ಹಾಕಿಬಿಡು. ರಾಮದುರ್ಗದ ಮಂದಿ ಗಂಟಬಿದ್ದಾರ.”

ಚೀಲ ಇಳಿಸಿದಳು. ಅದರ ಮರುದಿನವೂ ಅದೇ. ವಾರವಿಡೀ ಅದೇ. ಕಂಪ್ಯೂಟರ್ ಜೋರಾಯಿತು, ಬಸ್ಸು ಮಾತ್ರ ಮೊದಲಿನಂತೆಯೇ ತಪ್ಪುತ್ತಿತ್ತು.

ಶನಿವಾರ ಸುಭಾಸ ಮತ್ತೆ ಕ್ಯಾಸೆಟ್ ಚಾಚಿದ. ರೇಣು ಕೈ ನೀಡಲಿಲ್ಲ. ಕಂಪ್ಯೂಟರನ್ನು ಮತ್ತೆ ಶುರು ಮಾಡಿ, ಅದರ ಸೆಟ್ಟಿಂಗಿನಲ್ಲಿ ಏನೋ ಬದಲಿಸಿ ಎದ್ದಳು.

“ಏನ ಮಾಡಿದಿ?”

“ಹಳೇ ವೇಗಕ್ಕ ಇಟ್ಟೇನ್ರಿ. ಏರಿಸಿದ್ರ ಬಿಸಿ ನೋಡ್ಕೋಂತ, ತಿಳದವ್ರು ಬಾಜೂಕ ಕುಂದರಬೇಕು. ನೀವ ಕುಂದ್ರೂದಾದ್ರ ಇದ ಚಲೋ.”

“ನಾ ಯಾಕ ಕುಂದರ್ಲಿ? ನೀ ಎಲ್ಲಿ ಹೊಂಟಿ?”

“ಬಸ್ಸಿಗ್ರಿ.”

“ಮತ್ತ ಇದು ಇವತ್ತ ಮುಗ್ಯೂದಿಲ್ಲಲ್ಲ.”

“ಮುಗ್ಯೂದಿಲ್ರಿ.” ಆಕೆ ಚೀಲ ಹೆಗಲಿಗೇರಿಸಿದಳು. “ಮಷೀನ ತಡೀತೈತ್ರಿ ಅಣ್ಣಾರ. ನನಗ ಆಗವಲ್ದು.”

ಸುಭಾಸ ಕ್ಯಾಸೆಟ್ಟನ್ನು ತಿರುತಿರುವಿ ನೋಡುತ್ತ ನಿಂತ. ಕೊನೆಗೆ ಕುರ್ಚಿ ಎಳೆದುಕೊಂಡು, “ಎಲ್ಲಿ ಒತ್ತೂದು, ಅಷ್ಟರ ಹೇಳಿ ಹೋಗು,” ಎಂದ.

ಕಿತ್ತೂರಿನ ಮನೆಯ ಮುಂದೆ ಅವ್ವ ಕೆಂಪವ್ವ ಅಂಗಳ ಗುಡಿಸುತ್ತಿದ್ದಳು. ಮಗಳನ್ನು ಕಂಡು ಕಸಬರಿಗೆ ಬಿಟ್ಟಳು.

“ಇನ್ನಾ ಬಿಸಲೈತಿ, ಇಷ್ಟ ಲಗೂ ಬಂದಿ? ಮೈಯಾಗ ಆರಾಮಿಲ್ಲೇನ?”

“ಆರಾಮದೇನಿ.”

ರೇಣು ಚಪ್ಪಲಿಯನ್ನೂ ಬಿಡದೆ ಕಟ್ಟೆಯ ಮೇಲೆ ಕೂತಳು. ಎದುರುಮನೆಯ ಹಂಚಿನ ಮೇಲೆ ಬೆಳಕು ಇನ್ನೂ ಹಳದಿಯಾಗಿತ್ತು. ಅವ್ವ ಚಹಾ ತರುವಷ್ಟರಲ್ಲಿ ಆಕೆ ಗೋಡೆಗೊರಗಿ ನಿದ್ದೆ ಹೋಗಿದ್ದಳು.