ಪಿ.ಪಿ. ಫೀಸು

ಬಳ್ಳಾರಿ ಗಾಂಧಿನಗರದ ಜಂಬುನಾಥನಿಗೆ ಎಪ್ಪತ್ತು ತುಂಬಿತೆಂದು ಮಕ್ಕಳು ಕಲ್ಯಾಣ ಮಂಟಪ ಹಿಡಿದರು, ಅಡುಗೆಯವರನ್ನು ಗೊತ್ತು ಮಾಡಿದರು, ಸಾಲದ್ದಕ್ಕೆ ಒಂದು ಪುಸ್ತಕವನ್ನೂ ಅಚ್ಚಿಗೆ ಹಾಕಿದರು. ಹತ್ತಿ ದಲ್ಲಾಳಿ ಅಂಗಡಿ ಇಟ್ಟುಕೊಂಡು ನಾಲ್ಕು ಕಾಸು ಮಾಡಿದ ಮನುಷ್ಯನ ಬಗ್ಗೆ ಪುಸ್ತಕ ತುಂಬುವಷ್ಟು ಬರೆಯಲು ಏನಿರುತ್ತದೆ? ಆದರೂ ಒಂದು ಕತೆ ಇತ್ತು. ಮದುವೆಯಿರಲಿ, ತೊಟ್ಟಿಲಿರಲಿ, ಊಟ ಮುಗಿದು ಎಲೆ ಅಡಿಕೆ ಕೈಗೆ ಬಂತೆಂದರೆ ಜಂಬುನಾಥ ಅದನ್ನು ಹೇಳಲೇಬೇಕು, ಕೂತವರು ಹೊಟ್ಟೆ ಹಿಡಿದುಕೊಂಡು ನಗಲೇಬೇಕು. ಸರ್ಕಾರಕ್ಕೆ ಟೋಪಿ ಹಾಕಿದ ಕತೆ.

ಆ ಕತೆಯಲ್ಲಿ ಅವನ ತಂಗಿ ಸುವರ್ಣಮ್ಮನೂ ಬರುತ್ತಾಳೆ. ಸಿರುಗುಪ್ಪದಿಂದ ಬಂದು ಕೂತ ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ತವರಿನಲ್ಲಿ ಕೂತು ಅಣ್ಣನ ಮಾತಿಗೆ ಮುಖ ಗಂಟು ಹಾಕಿಕೊಂಡರೆ ಚೆನ್ನಾಗಿರುತ್ತದೆಯೇ?

ಸಾವಿರದ ಒಂಬೈನೂರ ಎಂಬತ್ತೆರಡರ ಮಾತು. ಆಗ ಟ್ರಂಕ್ ಕಾಲ್ ಎಂದರೆ ಹುಡುಗಾಟವಲ್ಲ. ಸಿರುಗುಪ್ಪದಿಂದ ಬಳ್ಳಾರಿಗೆ ಮಾತಾಡಬೇಕೆಂದರೆ ಪೋಸ್ಟಾಫೀಸಿನಲ್ಲಿ ಚೀಟಿ ಬರೆದುಕೊಟ್ಟು ಬೆಂಚಿನ ಮೇಲೆ ಕಾದು ಕೂರಬೇಕು. ಆರ್ಡಿನರಿ ಎಂದರೆ ಒಂದು ದರ, ಅರ್ಜೆಂಟ್ ಎಂದರೆ ಅದರ ಎರಡರಷ್ಟು, ಲೈಟ್ನಿಂಗ್ ಎಂದರೆ ನಮ್ಮ ನಿಮ್ಮಂಥವರು ಬಾಯಿ ಬಿಡುವ ಹಾಗೇ ಇಲ್ಲ. ಮೂರು ನಿಮಿಷಕ್ಕೊಂದು ಲೆಕ್ಕ. ಅತ್ತ ಕಡೆಯವರು ಬೇಕಾದವರನ್ನು ಕೂಗಿ ಕರೆತರುವಷ್ಟರಲ್ಲಿ ಮೂರು ನಿಮಿಷವೂ ಮುಗಿದು ದುಡ್ಡು ಗೋವಿಂದ. ಅದಕ್ಕೇ ಸರ್ಕಾರ ದೊಡ್ಡ ಮನಸ್ಸು ಮಾಡಿ ಪಿ.ಪಿ. ಕಾಲ್, ಅಂದರೆ ಪರ್ಟಿಕ್ಯುಲರ್ ಪರ್ಸನ್ ಕಾಲ್, ಎಂಬುದನ್ನು ಇಟ್ಟಿತ್ತು. ಇಂಥವರೇ ಬೇಕೆಂದು ಹೆಸರು ಬರೆಸಿದರೆ, ಆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಆಪರೇಟರೇ ಮೊದಲು ಕೇಳುತ್ತಾರೆ. ಇದ್ದರೆ ಮಾತಿನ ದುಡ್ಡು, ಅದರ ಮೇಲೆ ಪಿ.ಪಿ. ಫೀಸು. ಇಲ್ಲದಿದ್ದರೆ ಬರೀ ಫೀಸು, ಚಿಲ್ಲರೆ ಕಾಸು.

ಈ ಚಿಲ್ಲರೆ ಕಾಸಿನಲ್ಲೇ ಜಂಬುನಾಥನ ತಲೆ ಓಡಿತು. ಅಪ್ಪ ಉಜ್ಜಿನಪ್ಪ ಹಾಸಿಗೆ ಹಿಡಿದಿದ್ದ. ಅಂಗಡಿಯೂ ಫೋನೂ ಇವನ ಕೈಯಲ್ಲಿದ್ದವು. ಇಪ್ಪತ್ತರ ತಂಗಿಯನ್ನು ಸಿರುಗುಪ್ಪದ ಅಕ್ಕಿ ಗಿರಣಿಯವರ ಮನೆಗೆ ಕಳಿಸುವಾಗ ಅವಳಿಗೆ ಎರಡು ಹೆಸರು ಬಾಯಿಪಾಠ ಮಾಡಿಸಿದ. ಪಕ್ಕೀರಪ್ಪ ಬೇಕೆಂದು ಪಿ.ಪಿ. ಹಚ್ಚಿದರೆ ಎಲ್ಲ ಸುಖ. ಕೊಟ್ಟೂರಪ್ಪ ಬೇಕೆಂದರೆ ಕಷ್ಟದಲ್ಲಿದ್ದೇನೆ, ಬಂದು ಕರೆದುಕೊಂಡು ಹೋಗು. ಅಂಗಡಿಯಲ್ಲಿ ಆ ಎರಡೂ ಹೆಸರಿನ ನರಪಿಳ್ಳೆಯೂ ಇರಲಿಲ್ಲ. ಇವನು ‘ಇಲ್ಲ’ ಎಂದರೆ ಸುದ್ದಿ ಮುಟ್ಟಿತು, ಮಾತಿನ ದುಡ್ಡು ಉಳಿಯಿತು.

ಪಕ್ಕೀರಪ್ಪನನ್ನು ಅವಳು ಐದು ತಿಂಗಳು ಕೇಳಿದಳು. ಆರನೆಯ ತಿಂಗಳು, ಅತ್ತೆ ಕಾದ ಹಂಚಿಗೆ ಅವಳ ಕೈಯೊತ್ತಿದ ಮಾರನೆಯ ದಿನ, ಕೊಟ್ಟೂರಪ್ಪನ ಹೆಸರು ಬರೆಸಿದಳು. ಗಂಟೆ ಕಳೆದ ಮೇಲೆ ಕೌಂಟರಿನ ಗುಮಾಸ್ತ, “ಆ ಹೆಸರಿನೋರು ಇಲ್ಲಂತಮ್ಮಾ, ಫೀಸು ಕಟ್ರಿ” ಎಂದ. ಅವಳಿಗೆ ಹೋದ ಜೀವ ಬಂದಂತಾಯಿತು. ಫೀಸು ಕಟ್ಟಿ ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಹೋಗಿ ಎರಡು ಸೀರೆ ಚೀಲಕ್ಕೆ ತುಂಬಿ ಅಕ್ಕಿ ಮೂಟೆಗಳ ಹಿಂದೆ ಬಚ್ಚಿಟ್ಟಳು. ಅಣ್ಣ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಬಾಗಿಲು ಕಾದಳು. ನಾಲ್ಕನೆಯ ದಿನ ಚೀಲ ಗಂಡನ ಕಣ್ಣಿಗೆ ಬಿತ್ತು. ಅವನು ಹೊಡೆದ ಹೊಡೆತಕ್ಕೆ ಎಡಗಿವಿಯ ತಮಟೆ ಹರಿಯಿತು. ಆ ಕಿವಿ ಇವತ್ತಿಗೂ ಕೇಳಿಸದು.

ಎರಡು ತಿಂಗಳಿಗೆ ಅಣ್ಣ ಬಂದ, ಕೈಯಲ್ಲಿ ತನ್ನ ಮದುವೆಯ ಕಾರ್ಡು ಹಿಡಿದುಕೊಂಡು. ತಂಗಿಯ ಕಿವಿಯೊಳಗಿನ ಹತ್ತಿ ನೋಡಿ ಹಣೆ ಹಣೆ ಚಚ್ಚಿಕೊಂಡ. “ಆಪರೇಟರ್ ಪಕ್ಕೀರಪ್ಪ ಅಂದ್ಲವಾ! ನೀ ಆರಾಮ ಅದೀ ಅಂತ ನಾ ಸುಮ್ಕಾದೆ. ಮನಿಹಾಳಿ, ಹೆಸರು ಅದಲುಬದಲು ಮಾಡ್ಯಾಳ,” ಎಂದ. ಈಗ ಮದುವೆ ಮುಗಿಯಲಿ ಎಂದ. ಮದುವೆ ಮುಗಿದ ಮೇಲೆ ಹೊಂದಿಕೊಂಡು ಹೋಗವಾ ಎಂದ. ಅವಳು ಆ ಮನೆಯಲ್ಲೇ ಎರಡು ಹೆತ್ತಳು, ಆರು ವರ್ಷದ ಹಿಂದೆ ಗಂಡನನ್ನು ಮಣ್ಣು ಮಾಡಿದಳು. ಪ್ರತಿ ಪಂಚಮಿಗೆ ಉಂಡಿ ಕಟ್ಟಿಕೊಂಡು ತವರಿಗೆ ಹೋದಳು. ಮುಖ ಕಾಣದ ಆ ಆಪರೇಟರಿಗೆ ಹಿಡಿಶಾಪ ಹಾಕಿದ್ದರಿಂದಲೇ ಅವಳಿಗೆ ತವರೊಂದು ಉಳಿದಿತ್ತು ಎನ್ನಬೇಕು.

ಈಗ ಪುಸ್ತಕದ ಪುಟ ವಾಟ್ಸಾಪಿನಲ್ಲಿ ಬಂತು. ಸಮಾರಂಭದಲ್ಲಿ ಅಣ್ಣನ ಬಗ್ಗೆ ಐದು ನಿಮಿಷ ಮಾತಾಡಬೇಕು ಅತ್ತಿ, ಇದನ್ನು ಓದಿಕೊಂಡಿರಿ ಎಂದು ಅಣ್ಣನ ಸೊಸೆ ಕಳಿಸಿದ್ದಳು. ಸುವರ್ಣಮ್ಮ ಕನ್ನಡಕ ಏರಿಸಿ ಓದಿದಳು. ‘ದಡ್ಡ ಆಪರೇಟರ್ ಹೆಸರು ತಪ್ಪಾಗಿ ಹೇಳಿದ್ದರಿಂದ ನನ್ನ ತಂಗಿ ಸ್ವಲ್ಪ ತೊಂದರೆ ಅನುಭವಿಸಬೇಕಾಯಿತು’ ಎಂದಿತ್ತು. ಸ್ವಲ್ಪ ತೊಂದರೆ! ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ನಲವತ್ತಮೂರು ವರ್ಷದ ರೂಢಿ ನೋಡಿ, ಆ ಉರಿಯೂ ಅಣ್ಣನ ಕಡೆ ತಿರುಗದೆ ಆಪರೇಟರಿನ ಕಡೆಗೇ ತಿರುಗಿತು. ಸಾಯುವುದರೊಳಗೆ ಒಂದು ಸಲ ಆ ಹೆಂಗಸನ್ನು ಎದುರಿಗೆ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈಯಬೇಕು ಎನಿಸಿತು.

ಹುಡುಕುವುದೇನೂ ಕಷ್ಟವಾಗಲಿಲ್ಲ. ಪೋಸ್ಟಾಫೀಸಿನಲ್ಲಿ ಕೇಳಿದಳು. ಆಗ ಆಪರೇಟರ್ ಇದ್ದದ್ದು ಸರೋಜಮ್ಮ ಒಬ್ಬರೇ, ರಿಟೈರಾಗಿ ಕುರುಗೋಡಿನಲ್ಲಿದ್ದಾರೆ ಎಂದರು. ಮಾರನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿದಳು. ಕುರುಗೋಡಿನಲ್ಲಿ ಬೆಟ್ಟದ ಕಡೆಯ ಓಣಿಯ ಮನೆ, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತ ತೆಳ್ಳನೆಯ ಮುದುಕಿ.

“ನೀವೇ ಏನ್ರಿ ಸಿರುಗುಪ್ಪದಾಗ ಫೋನಿನ್ಯಾಗ ಇದ್ದೋರು?”

“ಹೌದ್ರಿ. ಬರ್ರಿ, ಕುಂದರ್ರಿ.”

ಸುವರ್ಣಮ್ಮ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನೆಲ್ಲ ನಿಂತಲ್ಲೇ ಸುರಿದಳು. ಒಂದು ಹೆಸರು ನೆಟ್ಟಗೆ ಹೇಳುವುದಕ್ಕೆ ಆಗಲಿಲ್ಲವೇ, ಅದಕ್ಕೇ ಅಲ್ಲವೇ ಸರ್ಕಾರ ಸಂಬಳ ಕೊಡುತ್ತಿದ್ದದ್ದು, ನಿನ್ನಿಂದ ನನ್ನ ಬಾಳು ಹಾಳಾಯಿತು ಎಂದಳು. ಸರೋಜಮ್ಮ ಶೇಂಗಾ ಪಕ್ಕಕ್ಕಿಟ್ಟು ಇವಳ ಕೈಯನ್ನೇ ನೋಡಿದರು. ಮೊಣಕೈ ಕೆಳಗೆ ಹಳೆಯ ಸುಟ್ಟ ಕಲೆ ಇನ್ನೂ ಇತ್ತು.

“ಕೊಟ್ಟೂರಪ್ಪ,” ಎಂದರು.

ಸುವರ್ಣಮ್ಮ ಕಲೆಯ ಮೇಲೆ ಸೆರಗು ಎಳೆದುಕೊಂಡಳು.

“ಕುಂದರ್ರಿ ತಾಯಿ. ಇಲ್ಲದೋರ ಹೆಸರಿಗೆ ಪಿ.ಪಿ. ಹಚ್ಚೋರು ಊರಾಗ ಅರ್ಧ ಮಂದಿ ಇದ್ರು, ನಮಗೂ ಗೊತ್ತಿತ್ತು. ಬಾಯಿ ಬಿಡಂಗಿಲ್ಲ, ಅದು ರೂಲು. ನೀವು ತಿಂಗಳಾ ಪಕ್ಕೀರಪ್ಪನ್ನ ಕೇಳ್ತಿದ್ರಿ. ಅವತ್ತು ಹೆಸರು ಬ್ಯಾರೆ. ಬಾಗಲ ಸಂದ್ಯಾಗಿಂದ ನಿಮ್ಮ ಕೈ ನೋಡಿದೆ. ಕೊಟ್ಟೂರಪ್ಪ ಅದಾರೇನ್ರಿ ಅಂದೆ. ಅತ್ಲಾಗಿನೋರು ಸ್ವಲ್ಪ ಹೊತ್ತು ಸುಮ್ಕಿದ್ದು, ಇಲ್ಲ ಅಂದ್ರು. ನೀವು ನಕ್ಕೋತ ಹೋದ್ರಿ. ನನಗ ಮನಸ್ಸು ತಡೀಲಿಲ್ಲ. ಅವರಿಗೆ ತಿಳೀತೋ ಇಲ್ಲೋ ಅಂತ ಮತ್ತ ಹಚ್ಚಿದೆ. ಕೊಟ್ಟೂರಪ್ಪ ಜಲ್ದಿ ಬೇಕಂತ್ರಿ ಅಂದೆ. ಗೊತ್ತಾತು ಇಡ್ರಿ ಅಂದ್ರು. ಸಂಜಿಕ ಇನ್ನೊಮ್ಮೆ ಹಚ್ಚಿದೆ. ಗೊತ್ತಾತು ಅಂತ ಎಷ್ಟು ಸಲ ಹೇಳ್ಬೇಕು ಅಂತ ಬೈದು ಇಟ್ರು.”

“ಸುಳ್ಳು,” ಎಂದಳು ಸುವರ್ಣಮ್ಮ.

ಸರೋಜಮ್ಮ ಎದ್ದು ಒಳಗೆ ಹೋಗಿ ನೌಕರಿಯ ಕಾಗದ ಇಟ್ಟ ಪ್ಲಾಸ್ಟಿಕ್ ಕವರ್ ತಂದರು. ಮೇಲಿನವರು ಕೊಟ್ಟ ಮೆಮೋ, ಅದಕ್ಕೆ ಲಗತ್ತಿಸಿದ ದೂರಿನ ನಕಲು. ‘ಕೊಟ್ಟೂರಪ್ಪ ಎಂಬುವವರು ನಮ್ಮ ಅಂಗಡಿಯಲ್ಲಿ ಇರುವುದಿಲ್ಲವೆಂದು ಮೂರು ಸಲ ತಿಳಿಸಿದಾಗ್ಯೂ ಸಿರುಗುಪ್ಪದ ಆಪರೇಟರ್ ಮತ್ತೆ ಮತ್ತೆ ಕರೆ ಮಾಡಿ ವ್ಯಾಪಾರದ ವೇಳೆಯಲ್ಲಿ ತೊಂದರೆ ಕೊಟ್ಟಿರುತ್ತಾರೆ. ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ.’ ಕೆಳಗೆ ಅಣ್ಣನ ಸಹಿ. ಸಹಿಯಡಿ ಎರಡು ಚುಕ್ಕಿ ಇಡುವುದು ಅವನ ಚಟ. ಎರಡೂ ಚುಕ್ಕಿ ಅಲ್ಲಿದ್ದವು.

“ಒಂದು ವರ್ಷ ಇನ್‌ಕ್ರಿಮೆಂಟ್ ನಿಲ್ಲಿಸಿದ್ರು,” ಎಂದರು ಸರೋಜಮ್ಮ. “ಹೋಗ್ಲಿ ಬಿಡ್ರಿ. ಆದ್ರ ಮೂವತ್ತೆಂಟು ವರ್ಷ ಸರ್ವೀಸಿನ್ಯಾಗ ನಾ ಒಂದು ಹೆಸರು ತಪ್ಪು ಹೇಳಿಲ್ಲ. ಪುಸ್ತಕದಾಗ ಹಂಗ ಹಾಕಬ್ಯಾಡ್ರಿ ಅಂತ ಹೇಳ್ರಿ.”

ಸುವರ್ಣಮ್ಮ ತಾರೀಕು ನೋಡಿದಳು. ಅಣ್ಣ ಈಗಿನ ಅತ್ತಿಗೆ ಅರುಣಾಳನ್ನು ನೋಡಲು ಹೋಗಿ ಒಪ್ಪಿಗೆ ಮಾಡಿಕೊಂಡು ಬಂದ ವಾರ ಅದು. ಗಂಡನ ಮನೆ ಬಿಟ್ಟು ಬಂದ ತಂಗಿಯೊಬ್ಬಳು ಪಡಸಾಲೆಯಲ್ಲಿ ಕೂತಿದ್ದರೆ ಹೆಣ್ಣು ಕೊಡುವವರು ಹಿಂದೆ ಸರಿಯುತ್ತಿದ್ದರು. ಇಷ್ಟು ಸಣ್ಣ ವಿಷಯ. ಸುವರ್ಣಮ್ಮನಿಗೆ ಅಳು ಬರಲಿಲ್ಲ. ತಪ್ಪು ಮಾಡದ ಹೆಂಗಸಿಗೆ ಇಷ್ಟು ವರ್ಷ ಶಾಪ ಹಾಕಿದ್ದು ನೆನೆದು ನಾಚಿಕೆಯಾಯಿತು. ಸರೋಜಮ್ಮನ ಕೈ ಹಿಡಿದುಕೊಂಡು, “ನಾ ಹೇಳ್ತೀನಿ. ಮಂದ್ಯಾಗ ಹೇಳ್ತೀನಿ,” ಎಂದಳು. ನಕಲಿನದೊಂದು ಜೆರಾಕ್ಸ್ ಮಾಡಿಸಿಕೊಂಡಳು.

ಹಾಗಂತ ಅಣ್ಣನಿಗೆ ಒಂದು ಅವಕಾಶ ಕೊಡದೆ ಇರಲಿಲ್ಲ. ಆ ಸಂಜೆಯೇ ಫೋನು ಮಾಡಿದಳು.

“ಅಣ್ಣಾ, ಆ ಫೋನಿನ ಕತಿ ಪುಸ್ತಕದಾಗಿಂದ ತಗಿಸು.”

“ಏ, ಅಚ್ಚಾಗೇತಲ್ಲವಾ! ಅದೇ ಚಲೋ ಐತಿ ಅಂತಾರ ಎಲ್ಲಾರು.”

“ಆಪರೇಟರ್ ತಪ್ಪು ಹೇಳಿದ್ದು ಖರೇನಾ?”

“ಮತ್ತ ಸುಳ್ಳಾ? ಈ ಕಿವಿಲೇ ಕೇಳೀನಿ,” ಎಂದು ಅಣ್ಣ ನಕ್ಕ.

ಅಂದು ಮಂಟಪ ಕಿಕ್ಕಿರಿದಿತ್ತು. ಜಂಬುನಾಥ ಜರತಾರಿ ರುಮಾಲು ಸುತ್ತಿ, ಮದುಮಗನ ಕುರ್ಚಿಯಲ್ಲಿ ಕೂತು, ಮೈಕು ಕೈಗೆ ಬಂದದ್ದೇ ತಡ, ಸರ್ಕಾರಕ್ಕೆ ಟೋಪಿ ಹಾಕಿದ ಕತೆ ಶುರು ಮಾಡಿದ. ದಡ್ಡ ಆಪರೇಟರ್ ಬಂದಳು, ಜನ ನಕ್ಕರು. ಆಮೇಲೆ ನಿರೂಪಣೆ ಮಾಡುತ್ತಿದ್ದ ಅವನ ಸ್ನೇಹಿತನ ಮಗ ಹಂಪೇಶ್, ಈಗ ಕತೆಯ ನಾಯಕಿಯೇ ಮಾತಾಡುತ್ತಾರೆ ಎಂದು ಸುವರ್ಣಮ್ಮನನ್ನು ಕರೆದ.

ಅವಳು ಮೆಟ್ಟಿಲು ಹತ್ತಿದಳು. ಮೈಕು ಕೈಗೆ ತೆಗೆದುಕೊಂಡಳು.

“ನಮ್ಮಣ್ಣ ಹೇಳಿದ ಕತ್ಯಾಗ ಒಂದು ತಪ್ಪೈತಿ. ಆಪರೇಟರಮ್ಮ ಹೆಸರು ತಪ್ಪು ಹೇಳಿರಲಿಲ್ಲ. ಕೊಟ್ಟೂರಪ್ಪ ಅಂತಾನೇ ಕೇಳಿದ್ಲು. ಒಂದು ಸಲ ಅಲ್ಲ, ಮೂರು ಸಲ ಕೇಳಿದ್ಲು. ನಮ್ಮಣ್ಣ ಮೂರು ಸಲಾನೂ ಇಲ್ಲ ಅಂದ.”

ಜಂಬುನಾಥನ ಮುಖದ ರಕ್ತ ಇಂಗಿದ್ದನ್ನು ಸುವರ್ಣಮ್ಮ ಕಣ್ಣಾರೆ ನೋಡಿದಳು. ಅಷ್ಟರಲ್ಲಿ ಎರಡನೆಯ ಸಾಲಿನಿಂದ ಯಾರೋ, “ಭಾರಿ ಶಾಣ್ಯಾ ಬಿಡಪ್ಪಾ!” ಎಂದು ತೊಡೆ ತಟ್ಟಿದರು. ‘ಇಲ್ಲ’ ಎನ್ನುವುದೇ ಟೋಪಿ ಹಾಕುವ ಉಪಾಯವಲ್ಲವೇ, ಹಿಂದಿನವರೂ ನಕ್ಕರು. ಮಂಟಪವೆಲ್ಲ ನಗತೊಡಗಿತು.

“ನಗಬ್ಯಾಡ್ರಿ,” ಎಂದಳು ಸುವರ್ಣಮ್ಮ. ಜೆರಾಕ್ಸ್ ಕಾಗದ ಎತ್ತಿ ಹಿಡಿದಳು. “ಇಲ್ಲಿ ಐತಿ ನೋಡ್ರಿ, ಅವನ ಸಹಿ ಐತಿ. ಮೂರು ಸಲ ಕೇಳಿದ್ದಕ್ಕ ಆಕಿ ಮ್ಯಾಲೆ ದೂರು ಕೊಟ್ಟಾನ.”

ನಗು ಇನ್ನೂ ಜೋರಾಯಿತು. ಕೇಳುವವರಿಗೆ ಕತೆಗೊಂದು ಹೊಸ ಬಾಲ ಸಿಕ್ಕಿತ್ತು. ಹಂಪೇಶ್ ಕಣ್ಣೊರೆಸಿಕೊಳ್ಳುತ್ತ ಮೈಕು ತೆಗೆದುಕೊಂಡು, “ನೋಡ್ರಪ್ಪಾ, ಒಂದೇ ಫೀಸಿನ್ಯಾಗ ಮೂರು ಕಾಲ್! ಮ್ಯಾಲೆ ಸರ್ಕಾರದ ಮ್ಯಾಲೇ ದೂರು!” ಎಂದ. ಚಪ್ಪಾಳೆ ಬಿದ್ದವು. ಅರುಣಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಸುವರ್ಣಮ್ಮ ಅಣ್ಣನ ಕಡೆ ತಿರುಗಿದಳು. ಇದು ನಗುವ ಮಾತಲ್ಲವೆಂದು ಅವನೊಬ್ಬನಿಗೆ ಗೊತ್ತಿತ್ತು. ಅವನು ಅವಳನ್ನು ನೋಡಿದ, ಅವಳ ಕೈಯ ಕಾಗದವನ್ನು ನೋಡಿದ, ತಡವರಿಸುತ್ತ ಕುರ್ಚಿಯಿಂದ ಅರ್ಧ ಎದ್ದ. ಹೇಳುತ್ತಾನೆ, ಈಗಲಾದರೂ ಹೇಳುತ್ತಾನೆ ಎಂದು ಅವಳು ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಅವನು ಚಪ್ಪಾಳೆ ತಟ್ಟುತ್ತಿದ್ದ ಮಂದಿಯ ಕಡೆ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಮತ್ತೆ ಕುರ್ಚಿಯಲ್ಲಿ ಕೂತು, ರುಮಾಲು ಸರಿಮಾಡಿಕೊಂಡು, ಅವರ ಜೊತೆ ತಾನೂ ನಕ್ಕ.