ಜಮಾತಿಗೆ ಹೋದ ಊರಿನಲ್ಲಿ ಗುಡ್ಡ ಜಾರಿತು

ಶಹನಾಜ್ ಅಲ್ಲಿವರೆಗೆ ನೋಡಿದ್ದ ಅತಿ ದೂರದ ಊರು ಕಣ್ಣೂರು. ಅದೂ ನಾದಿನಿಯ ಮದುವೆಗೆ, ವ್ಯಾನಿನಲ್ಲಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಅಂಥವಳು ವಿಮಾನ ಹತ್ತಿ ಇಂಡೋನೇಷ್ಯಾಕ್ಕೆ ಹೊರಟಿದ್ದಾಳೆ ಅನ್ನುವ ಸುದ್ದಿ ಹುಣಸೂರಿನ ಅವರ ಬೀದಿಯಲ್ಲಿ ಹಬ್ಬಿದಾಗ, ಪಕ್ಕದ ಮನೆಯ ಸುನಂದಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು ಎದ್ದು ಬಂದರು.

"ಅಲ್ಲ ಕಣವ್ವಾ, ಮೈಸೂರಿಗೆ ಒಬ್ಬಳೇ ಹೋಗಿ ಬರೋಕೇ ಎದ್ರುಕೊಳ್ಳೋಳು ನೀನು. ಅಷ್ಟು ದೂರ ಎಂಗೋಗೀಯೆ?"

"ಅವರು ಜೊತೇಲಿ ಇರ್ತಾರಲ್ಲ ಸುನಂದಕ್ಕ," ಅಂದಳು ಶಹನಾಜ್.

ಅವಳ ಗಂಡ ಫೈಸಲ್ ಬಡಗಿ. ಸಾಮಿಲ್ಲಿನ ಪಕ್ಕ ಅವನದೊಂದು ಶೆಡ್ಡು. ಬಾಗಿಲು, ಕಿಟಕಿ, ಮಂಚ ಮಾಡಿಕೊಡುತ್ತಿದ್ದ. ದೀನಿನ, ಅಂದರೆ ಧರ್ಮದ, ಮಾತು ಹೇಳುತ್ತಾ ಕೇಳುತ್ತಾ ಊರೂರು ತಿರುಗುವ ಜಮಾತಿಗೆ ವರ್ಷಕ್ಕೊಮ್ಮೆ ಹೋಗಿ ಬರುವುದು ಅವನ ರೂಢಿ. ಈ ಸಲ ಹೆಂಗಸರನ್ನೂ ಕರೆದುಕೊಂಡು ಹೋಗುವ ಜಮಾತು, ಅದೂ ಹೊರದೇಶಕ್ಕೆ. ಅಮೀರರಾಗಿ, ಅಂದರೆ ತಂಡದ ಮುಖಂಡರಾಗಿ, ಹೊರಟಿದ್ದವರು ಪಿರಿಯಾಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಬ್ದುಲ್ ಅಜೀಜ್ ಸಾಹೇಬರು, ಜೊತೆಗೆ ಅವರ ಹೆಂಡತಿ ಖಮರುನ್ನೀಸಾ. ಮಗಳು ಇಕ್ರಾಳನ್ನು ಅವಳ ದಾದಿಯ, ಅಂದರೆ ತನ್ನ ಅತ್ತೆಯ, ಹತ್ತಿರ ಬಿಟ್ಟು, ಸುನಂದಮ್ಮನಿಗೂ ಒಂದು ಮಾತು ಹೇಳಿ, ಶಹನಾಜ್ ಹೊರಟೇಬಿಟ್ಟಳು. ಅದು ಎರಡು ಸಾವಿರದ ಇಪ್ಪತ್ತೆರಡರ ನವೆಂಬರು.

ಅವರು ತಂಗಿದ್ದು ಜಾವಾ ದ್ವೀಪದ ಚಿಯಾಂಜೂರ್ ಕಡೆಯ ಒಂದು ಹಳ್ಳಿಯಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ, ಅದರ ಮೇಲೆ ಮನೆಗಳು, ಮನೆಗಳ ಮೇಲೆ ಗುಡ್ಡ. ಗಂಡಸರು ಮಸೀದಿಯಲ್ಲಿ ಉಳಿದರೆ ಹೆಂಗಸರು ಎನುಂಗ್ ಅನ್ನುವವಳ ಮನೆಯಲ್ಲಿ. ಹೆಂಗಸರು ಬಂದಿದ್ದಾರೆಂದು ಅವಳ ಗಂಡ ದಾದಾಂಗ್ ತನ್ನ ಮನೆಯನ್ನೇ ಬಿಟ್ಟುಕೊಟ್ಟು ಮಸೀದಿಗೆ ಹೋಗಿ ಮಲಗುತ್ತಿದ್ದ. ಎನುಂಗಳದು ದುಂಡು ಮುಖ, ಸುಮ್ಮಸುಮ್ಮನೆ ನಗುವ ಸ್ವಭಾವ. ಅವಳ ಮಾತು ಇವರಿಗೆ ಬಾರದು, ಇವರ ಮಾತು ಅವಳಿಗೆ ಬಾರದು. ಆದರೂ ಎರಡೇ ದಿನದಲ್ಲಿ ಖಮರುನ್ನೀಸಾಗೆ ಮಂಡಿನೋವೆಂದು ಗೊತ್ತುಮಾಡಿಕೊಂಡು, ಸಂಜೆ ಸಂಜೆ ಯಾವುದೋ ಎಣ್ಣೆ ಬಿಸಿ ಮಾಡಿ ತಂದು ತಿಕ್ಕುತ್ತಿದ್ದಳು.

ಆ ಸೋಮವಾರ ಮಧ್ಯಾಹ್ನದ ಜುಹರ್ ನಮಾಜು ಮುಗಿದಿತ್ತು. ಸುತ್ತಮುತ್ತಲ ಮನೆಯ ಹೆಂಗಸರು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ನಮಾಜಿಗೆಂದು ಅಲ್ಲಿನ ಹೆಂಗಸರು ತಲೆಯಿಂದ ಕಾಲಿನವರೆಗೆ ಬಿಳಿ ನಿಲುವಂಗಿ ಹಾಕಿಕೊಳ್ಳುತ್ತಾರೆ; ಯಾರೂ ಅದನ್ನಿನ್ನೂ ತೆಗೆದಿರಲಿಲ್ಲ. ಖಮರುನ್ನೀಸಾ ಕುರಾನಿನ ಒಂದು ಸೂರಾ ಹೇಳಿಕೊಡುತ್ತಿದ್ದರು. ಓದು ಅರಬ್ಬಿಯದಾದ್ದರಿಂದ ಭಾಷೆಯ ತೊಡಕಿಲ್ಲದೆ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ಎನುಂಗ್ ಅಡುಗೆಮನೆಯಲ್ಲಿ ಬಾಳೆಹಣ್ಣು ಕರಿಯುತ್ತಿದ್ದಳು. ಊಟವಾದ ಮೇಲೆ ಅಜೀಜ್ ಸಾಹೇಬರು ಮತ್ತು ಫೈಸಲ್ ದಾದಾಂಗನ ಜೊತೆ ಮೇಲಿನ ಹಳ್ಳಿಗೆ ಜನರನ್ನು ಕಂಡು ಬರಲು ಹೊರಟಿದ್ದರು. ಹೊರಡುವ ಮುಂಚೆ ಫೈಸಲ್ ಬಾಗಿಲಾಚೆಯಿಂದ "ಬರ್ತೀವಿ" ಅಂದದ್ದು ಶಹನಾಜ್‌ಗೆ ಕೇಳಿಸಿತ್ತು.

ಮೊದಲು ಬಂದದ್ದು ಸದ್ದು. ಹುಣಸೂರಿನಲ್ಲಿ ದಿಮ್ಮಿ ತುಂಬಿದ ಲಾರಿ ಸಾಮಿಲ್ಲಿಗೆ ಹಿಂದಕ್ಕೆ ಬರುವಾಗ ಕಿಟಕಿ ಗಾಜು ಅದುರುತ್ತದಲ್ಲ, ಹಾಗೆ. ಇಷ್ಟು ಕಿರಿದಾದ ದಾರಿಯಲ್ಲಿ ಲಾರಿ ಹೇಗೆ ಬಂತು ಎಂದು ಶಹನಾಜ್ ಯೋಚಿಸುವಷ್ಟರಲ್ಲಿ ಕೂತ ನೆಲ ಅವಳನ್ನು ಮೇಲಕ್ಕೆ ಎತ್ತಿ ಕುಕ್ಕಿತು. "ಗೆಂಪಾ" ಎಂದು ಯಾರೋ ಕಿರುಚಿದರು. ಆ ಮಾತಿನ ಅರ್ಥ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿಯೂ ಇರಲಿಲ್ಲ. ಗೋಡೆ ಪಕ್ಕಕ್ಕೆ ಹೋಗಿ ಮತ್ತೆ ಬಂತು. ಅಡುಗೆಮನೆಯಲ್ಲಿ ಪಾತ್ರೆಗಳೆಲ್ಲ ಒಂದೇ ಸಲ ಬಿದ್ದವು. ಬಿಳಿ ಬಟ್ಟೆಯ ಹೆಂಗಸರು ಒಬ್ಬರ ಮೇಲೊಬ್ಬರು ಬಾಗಿಲಿಗೆ ನುಗ್ಗಿದರು. ಶಹನಾಜ್ ಏಳಲು ನೋಡಿದಳು. ಕಾಲಿಗೆ ನೆಲ ಸಿಗಲಿಲ್ಲ. ಖಮರುನ್ನೀಸಾ ಅವಳ ತೋಳು ಹಿಡಿದುಕೊಂಡರು. ಅಷ್ಟರಲ್ಲಿ ಹೆಂಚು ಸುರಿಯಿತು, ಹೆಂಚಿನ ಹಿಂದೆ ತೊಲೆ, ತೊಲೆಯ ಹಿಂದೆ ಗೋಡೆ.

ಆಮೇಲೆ ಕತ್ತಲು. ಮಟಮಟ ಮಧ್ಯಾಹ್ನದಲ್ಲಿ ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಬಾಯಿ ತುಂಬ ಸುಣ್ಣದ ಪುಡಿ. ಉಸಿರು ಎಳೆದರೆ ಗಂಟಲಿಗೆ ಮಣ್ಣು ಹೋಗುತ್ತಿತ್ತು. ಸತ್ತ ಮೇಲೆ ಹೀಗೇ ಇರುತ್ತದೇನೋ ಎನಿಸಿ ಅವಳು ಕಲಿಮಾ ಹೇಳಲು ಶುರುಮಾಡಿದಳು. ಅರ್ಧಕ್ಕೆ ನಾಲಿಗೆ ತಡವರಿಸಿತು. ಇಕ್ರಾಳ ಮುಖ ನೆನಪಿಗೆ ತಂದುಕೊಳ್ಳಲು ನೋಡಿದಳು, ಅದೂ ಬರಲಿಲ್ಲ.

"ಶಹನಾಜ್," ಎಂದರು ಖಮರುನ್ನೀಸಾ, ತೀರಾ ಹತ್ತಿರದಿಂದ. "ನನ್ನ ಕಾಲು ಎಲ್ಲಿದೆ ನೋಡಮ್ಮ. ನನಗೆ ಗೊತ್ತಾಗ್ತಿಲ್ಲ."

ಶಹನಾಜ್ ಕತ್ತಲಲ್ಲಿ ಕೈಯಾಡಿಸಿದಳು. ಸೊಂಟ ಸಿಕ್ಕಿತು, ತೊಡೆ ಸಿಕ್ಕಿತು, ಅದರಿಂದಾಚೆಗೆ ತೊಲೆ. ತೊಲೆಯ ಕೆಳಗೆ ಬೆಚ್ಚಗೆ, ಒದ್ದೆ.

"ಇದೆ ಖಾಲಾ. ಇಲ್ಲೇ ಇದೆ."

ನೆಲ ಮತ್ತೆ ಅಲ್ಲಾಡಿತು. ಮೊದಲಿನದಕ್ಕಿಂತ ಈ ಎರಡನೆಯದೇ ಅವಳನ್ನು ಹೆಚ್ಚು ಹೆದರಿಸಿತು. ಏನಾಗಬಹುದು ಎಂದು ಈಗ ಗೊತ್ತಿತ್ತಲ್ಲ. ತೊಲೆ ಕಿರ್ರೆಂದಿತು. ಇಬ್ಬರೂ ಒಬ್ಬರ ಕತ್ತಿನಲ್ಲೊಬ್ಬರು ಮುಖ ಹುದುಗಿಸಿ ಕಾದರು.

ಧೂಳು ಇಳಿದ ಮೇಲೆ ಎಲ್ಲಿಂದಲೋ ಬೆಳಕಿನ ಒಂದು ಗೀರು ಕಂಡಿತು, ಆಚೆಯಿಂದ ಎನುಂಗಳ ಧ್ವನಿ ಬಂತು. ಅವಳು ಅಡುಗೆಮನೆಯ ಹಿಂಬಾಗಿಲಿನಿಂದ ಆಚೆ ಓಡಿದ್ದವಳು, ಒಳಗೆ ಇಬ್ಬರು ಉಳಿದಿದ್ದಾರೆಂದು ತಿಳಿದು ವಾಪಸು ಬಂದಿದ್ದಳು. ಏನೇನೋ ಕೂಗುತ್ತ ಬರಿಗೈಯಲ್ಲಿ ಹೆಂಚು ಕಿತ್ತು ಎಸೆದಳು. ಕಿಂಡಿ ದೊಡ್ಡದಾದಾಗ ಕೈಚಾಚಿ ಶಹನಾಜ್‌ಳ ಮಣಿಕಟ್ಟು ಹಿಡಿದಳು. ಶಹನಾಜ್ ಆ ಕೈ ಬಿಡಿಸಿಕೊಂಡು ಖಮರುನ್ನೀಸಾರನ್ನು ತೋರಿಸಿದಳು. ಅದೇನೂ ಧೈರ್ಯದಿಂದ ಮಾಡಿದ್ದಲ್ಲ. ಆಕೆಯನ್ನು ಒಳಗೆ ಬಿಟ್ಟು, ಗೊತ್ತಿಲ್ಲದ ಊರಿನ ಬೆಳಕಿಗೆ ಒಬ್ಬಳೇ ಹೋಗಲು ಅವಳಿಗೆ ಇನ್ನೂ ಹೆಚ್ಚಿನ ಹೆದರಿಕೆ. ಎನುಂಗ್ ನಾಲ್ಕೈದು ಗಂಡಸರನ್ನು ಕರೆತಂದಳು. ಅವರು ಬಿದಿರಿನ ಗಳು ಕೊಟ್ಟು ತೊಲೆ ಎಬ್ಬಿಸಿದರು. ಖಮರುನ್ನೀಸಾ ಕೂಗಿದ ಕೂಗು ಶಹನಾಜ್‌ಳ ಕಿವಿಯಲ್ಲಿ ಬಹಳ ದಿನ ಉಳಿಯಿತು.

ಹೊರಗೆ ಊರೇ ಇರಲಿಲ್ಲ. ಬೆಳಗ್ಗೆ ಬಟ್ಟೆ ಒಣಹಾಕುವಾಗ ಕಂಡಿದ್ದ ಮನೆಗಳೆಲ್ಲ ಮಂಡಿಯೂರಿ ಕೂತಂತೆ ಕುಸಿದಿದ್ದವು. ಖಮರುನ್ನೀಸಾರನ್ನು ಕಿತ್ತುಬಂದ ಬಾಗಿಲೊಂದರ ಮೇಲೆ ಮಲಗಿಸಿ, ಕೆಳಗಿನ ಕೊಯ್ದ ಗದ್ದೆಗೆ ಹೊತ್ತು ತಂದರು. ಊರಿನವರೆಲ್ಲ ಅಲ್ಲೇ ಸೇರಿದ್ದರು. ಬುರ್ಖಾ ಇಲ್ಲದೆ, ದುಪಟ್ಟಾ ಇಲ್ಲದೆ, ಹರಿದ ಕಮೀಜಿನಲ್ಲಿ ಗಂಡಸರ ನಡುವೆ ನಿಂತಿದ್ದೇನೆ ಎಂಬುದು ಶಹನಾಜ್‌ಗೆ ಹೊಳೆದದ್ದು, ಎನುಂಗ್ ತನ್ನ ಬಿಳಿ ನಿಲುವಂಗಿ ಬಿಚ್ಚಿ ಅವಳಿಗೆ ತೊಡಿಸಿದಾಗಲೇ.

"ಪಾಕ್ ದಾದಾಂಗ್?" ಎಂದು ಕೇಳಿದಳು ಶಹನಾಜ್. ಗಂಡಸರ ಹೆಸರಿಗೆ ಪಾಕ್ ಸೇರಿಸಬೇಕು ಎನ್ನುವಷ್ಟು ಕಲಿತಿದ್ದಳು. "ಫೈಸಲ್?"

ಎನುಂಗ್ ಗುಡ್ಡದ ಕಡೆ ಕೈ ತೋರಿಸಿದಳು. ಮೇಲಿನ ಹಳ್ಳಿಗೆ ಹೋಗುವ ದಾರಿ ಗುಡ್ಡದ ಹೊಟ್ಟೆಯನ್ನು ಸುತ್ತಿ ಹೋಗುತ್ತಿತ್ತು. ಈಗ ಆ ಹಸಿರಿನ ನಡುವೆ, ಚರ್ಮ ಸುಲಿದಂತೆ ಒಂದು ಕೆಂಪು ಪಟ್ಟಿ. ದಾರಿ ಅದರೊಳಕ್ಕೆ ಹೋಗಿ ಮುಗಿದಿತ್ತು. ಎನುಂಗ್ ಕೈ ಇಳಿಸಲಿಲ್ಲ. ತೋರಿಸಿದ್ದನ್ನು ತಾನೂ ಆಗಲೇ ಮೊದಲ ಸಲ ನೋಡಿದವಳಂತೆ ಹಾಗೇ ನಿಂತಳು.

ಶಹನಾಜ್ ಅತ್ತ ಹೊರಟಳು. ಗದ್ದೆಯ ಬದು ದಾಟುವಷ್ಟರಲ್ಲಿ ನೆಲ ಮತ್ತೊಮ್ಮೆ ನಡುಗಿತು, ಕೆಂಪು ಪಟ್ಟಿಯಿಂದ ಮಣ್ಣು ಹೊಗೆಯಂತೆ ಎದ್ದಿತು. ಯಾರೋ ಅವಳನ್ನು ಹಿಡಿದು ವಾಪಸು ತಂದರು. ಬಾಗಿಲ ಮೇಲೆ ಮಲಗಿದ್ದ ಖಮರುನ್ನೀಸಾ ಅವಳ ಕೈ ಹಿಡಿದುಕೊಂಡು ಹೇಳಿದರು, "ನೀನೂ ಹೋಗಬೇಡಮ್ಮ. ಅವರೇ ಬರ್ತಾರೆ. ಸಾಹೇಬರು ಎಲ್ಲಿಗೆ ಹೋದರೂ ಅಸರ್ ನಮಾಜಿನ ಹೊತ್ತಿಗೆ ಬಂದುಬಿಡ್ತಾರೆ."

ಅಸರ್ ಹೊತ್ತಾಯಿತು. ಗದ್ದೆಯಲ್ಲೇ ಜನ ನಮಾಜಿಗೆ ನಿಂತರು. ಸಜ್ದಾಕ್ಕೆ ಬಾಗಿ ಹಣೆ ನೆಲಕ್ಕಿಟ್ಟಾಗ ಶಹನಾಜ್‌ಗೆ ಒಳಗಿನಿಂದ ಗುರುಗುಟ್ಟಿದಂತೆ ಕೇಳಿಸಿತು. ತಲೆ ಎತ್ತಿಬಿಟ್ಟಳು. ಮತ್ತೆ ಇಡಲು ಅವಳಿಂದ ಆಗಲಿಲ್ಲ. ಹುಟ್ಟಿದಾಗಿನಿಂದ ಹಣೆ ಇಟ್ಟ ನೆಲ ಅದು. ಅದರ ಮೇಲಿನ ನಂಬಿಕೆಯೇ ಹೋಗಿಬಿಟ್ಟಿತ್ತು. ಕೂತಲ್ಲೇ ಕಣ್ಣುಮುಚ್ಚಿ ನಮಾಜು ಮುಗಿಸಿದಳು.

ಎಷ್ಟೋ ಹೊತ್ತಿನ ಮೇಲೆ ಕಮೀಜಿನ ಜೇಬಿನಲ್ಲಿದ್ದ ಫೋನು ಅದುರಿತು. ಅದೂ ಭೂಮಿಯೇ ಎಂದುಕೊಂಡು ಅವಳು ಬೆಚ್ಚಿಬಿದ್ದಳು.

"ಅಮ್ಮೀ," ಎಂದಳು ಇಕ್ರಾ. "ಸ್ಕೂಲಿಂದ ಬಂದೆ. ದಾದಿ ಅಳ್ತಾ ಇದ್ದಾರೆ. ಅಬ್ಬಾ ಫೋನು ಹೋಗ್ತಾನೇ ಇಲ್ಲ."

"ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಮಗಳೆ."

"ಅಬ್ಬಾಗೆ ಕೊಡಿ."

ಶಹನಾಜ್ ಕೆಂಪು ಪಟ್ಟಿಯ ಕಡೆ ನೋಡಿದಳು. ಅಲ್ಲಿ ಇರುವೆಗಳಂತೆ ಜನ ಓಡಾಡುತ್ತಿದ್ದರು. "ಅಬ್ಬಾ ಇಲ್ಲೇ ಮೇಲೆ ಹೋಗಿದ್ದಾರೆ. ಬಂದ ಮೇಲೆ ಮಾಡಿಸ್ತೀನಿ."

ಫೋನು ಕೈ ಬದಲಾಯಿಸಿತು. "ಶಹನಾಜೂ, ನಾನು ಕಣವ್ವಾ," ಎಂದರು ಸುನಂದಮ್ಮ. "ಟೀವೀಲಿ ತೋರಿಸ್ತಾವ್ರೆ. ಮನೆಗೋಳೆಲ್ಲ ಬಿದ್ದೋಗವೆ. ಮಗು ಆಚೀಕೆ ಓಯ್ತು, ಈಗ ನಿಜ ಏಳು. ಫೈಸಲ್ ಎಲ್ಲವ್ರೆ?"

"ಗೊತ್ತಿಲ್ಲ ಸುನಂದಕ್ಕ," ಎಂದಳು ಶಹನಾಜ್. ಮಧ್ಯಾಹ್ನದಿಂದ ಬಾರದಿದ್ದ ಅಳು ಆಗ ಬಂತು. "ಗುಡ್ಡ ಬಿದ್ದಿದೆ. ಅವರು ಆ ದಾರೀಲೇ ಹೋಗಿದ್ರು."

"ಮಗಿನ್ನ ನಾನು ನೋಡ್ಕತೀನಿ," ಎಂದರು ಸುನಂದಮ್ಮ. "ಅದ್ರ ಯೋಚ್ನೆ ನಿಂಗೆ ಬ್ಯಾಡ. ನೀನು ಬಯಲಲ್ಲೇ ಇರು. ಗೋಡೆ ತಾವ್ಕೆ ಓಗಬ್ಯಾಡ, ಯಾರು ಕರದ್ರೂ ಒಳೀಕೆ ಓಗಬ್ಯಾಡ." ಅಷ್ಟರಲ್ಲಿ ಫೋನು ಕಡಿಯಿತು.

ಬಿಸಿಲು ಇಳಿಯುವ ಮುಂಚೆ ಗದ್ದೆಯ ಬದುವಿನ ಮೇಲೆ ಒಬ್ಬ ಮನುಷ್ಯ ಬರುತ್ತಿದ್ದುದು ಕಂಡಿತು. ತಲೆಯಿಂದ ಕಾಲಿನವರೆಗೂ ಮಣ್ಣು. ಗಡ್ಡ, ಬಟ್ಟೆ, ಎಲ್ಲ ಒಂದೇ ಬಣ್ಣ. ನಡಿಗೆಯಿಂದಲೇ ಶಹನಾಜ್‌ಗೆ ಗುರುತು ಸಿಕ್ಕಿತು. ಓಡಿದಳು. ಜನರೆದುರು ಗಂಡನ ಕೈಯನ್ನೂ ಮುಟ್ಟದಿದ್ದವಳು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅವನ ಉಗುರುಗಳೆಲ್ಲ ಕಿತ್ತು ರಕ್ತವಾಗಿತ್ತು. ಅವನು ಅವಳ ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಿದ್ದ. ಅವಳೂ ತಿರುಗಿದಳು.

ಹಿಂದೆ ಎನುಂಗ್ ನಿಂತಿದ್ದಳು. ಅವಳು ಫೈಸಲ್‌ನನ್ನು ನೋಡುತ್ತಿರಲಿಲ್ಲ. ಅವನು ಬಂದ ದಾರಿಯನ್ನು, ಅವನ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರಾ ಎಂದು ನೋಡುತ್ತಿದ್ದಳು.

"ಅವರಿಬ್ಬರೂ ಸ್ಕೂಟರಿನಲ್ಲಿ ಮುಂದೆ ಹೋದರು," ಎಂದ ಫೈಸಲ್, ನೆಲ ನೋಡಿಕೊಂಡು. "ಮೂರು ಜನ ಆಗಲ್ಲ, ನಾನು ನಡೆದು ಬರ್ತೀನಿ ಅಂದೆ. ತಿರುವಿನಲ್ಲಿ ಸಾಹೇಬರು ಹಿಂದೆ ತಿರುಗಿ ಕೈ ಬೀಸಿದ್ರು. ಆಮೇಲೆ ಗುಡ್ಡ ಬಂತು. ಅಗೆದ್ವಿ. ಇಷ್ಟು ಹೊತ್ತೂ ಅಗೆದ್ವಿ. ದಾದಾಂಗ್ ಸಿಕ್ಕಿದ್ರು."

ಅವನ ಮಾತು ಎನುಂಗಳಿಗೆ ಅರ್ಥವಾಗುವಂತಿರಲಿಲ್ಲ. ಅವಳಿಗೆ ತಿಳಿದದ್ದು ಗಂಡನ ಹೆಸರೊಂದೇ. ಅವಳು ಫೈಸಲ್‌ನ ಮುಖ ನೋಡಿದಳು, ಆಮೇಲೆ ಕೊಯ್ದ ಪೈರಿನ ಕೂಳೆಯ ಮೇಲೆ ಮೆಲ್ಲಗೆ ಕೂತುಬಿಟ್ಟಳು. ಅಕ್ಕಪಕ್ಕದ ಹೆಂಗಸರು ಬಂದು ಹಿಡಿದುಕೊಂಡ ಮೇಲೆಯೇ ಅವಳ ಅಳು ಹೊರಬಿತ್ತು.

ಬಾಗಿಲ ಮೇಲಿನಿಂದ ಖಮರುನ್ನೀಸಾ ಕೇಳಿದರು, "ಫೈಸಲ್ ಬಂದನಾ? ಸಾಹೇಬರು ಎಲ್ಲಿ?"

ಶಹನಾಜ್ ಹೋಗಿ ಪಕ್ಕದಲ್ಲಿ ಕೂತಳು. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. "ಖಾಲಾ, ಗುಡ್ಡ ಬಿದ್ದ ಜಾಗದಲ್ಲಿ ಸಾಹೇಬರಿದ್ದರಂತೆ. ಇನ್ನೂ ಸಿಕ್ಕಿಲ್ಲ," ಎಂದಳು. ಖಮರುನ್ನೀಸಾ ಅವಳನ್ನೇ ನೋಡಿದರು. "ಸಿಗ್ತಾರಾ?" ಎಂದು ಕೇಳಿದರು. ಶಹನಾಜ್ ತಲೆಯಾಡಿಸಿದಳು, ಸಿಗುತ್ತಾರೆ ಎಂದು. ಯಾವ ಅರ್ಥದಲ್ಲಿ ಅವರು ಕೇಳಿದರು, ತಾನು ಯಾವ ಅರ್ಥದಲ್ಲಿ ಹೇಳಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ರಾತ್ರಿ ಗದ್ದೆಯಲ್ಲಿ ಟಾರ್ಪಾಲಿನ ಕೆಳಗೆ ಕಳೆಯಿತು. ಮಾರನೆಯ ದಿನ ದಾರಿ ಮಾಡಿಕೊಂಡು ಬಂದ ಒಂದು ಪಿಕಪ್‌ನಲ್ಲಿ ಖಮರುನ್ನೀಸಾರನ್ನು ಪೇಟೆಯ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಯೂ ಕಟ್ಟಡದೊಳಗೆ ಯಾರೂ ಇರಲಿಲ್ಲ. ಅಂಗಳದಲ್ಲಿ ಸಾಲಾಗಿ ಮಲಗಿಸಿ, ಮರಗಳಿಗೆ ಗ್ಲೂಕೋಸ್ ಬಾಟಲಿ ಕಟ್ಟಿದ್ದರು. ಕಾಲು ಉಳಿಯಿತು. ಅಜೀಜ್ ಸಾಹೇಬರು ಮೂರನೆಯ ದಿನ ಸಿಕ್ಕಿದರು. ಅವರನ್ನೂ ದಾದಾಂಗ್‌ನನ್ನೂ ಅದೇ ಊರಿನ ಖಬರಸ್ತಾನದಲ್ಲಿ ಪಕ್ಕಪಕ್ಕದಲ್ಲಿ ಮಣ್ಣು ಮಾಡಿದರು. ಫೈಸಲ್ ಜನಾಜಾ ನಮಾಜಿನಲ್ಲಿ ನಿಂತ.

ಹುಣಸೂರಿಗೆ ಬಂದ ಮೇಲೂ ಹೆದರಿಕೆ ಶಹನಾಜ್‌ಳನ್ನು ಬಿಡಲಿಲ್ಲ. ಅಡುಗೆ ಮಾಡುವಾಗ ಹಿಂಬಾಗಿಲು ತೆರೆದೇ ಇರಬೇಕು. ಸ್ನಾನದ ಮನೆಯ ಚಿಲಕ ಹಾಕುವುದಿಲ್ಲ. ಬೀದಿಯಲ್ಲಿ ಟ್ರ್ಯಾಕ್ಟರ್ ಹೋದರೆ ಇಕ್ರಾಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಬಿಡುತ್ತಿದ್ದಳು. ಮೊದಮೊದಲು ನಗುತ್ತಿದ್ದ ಇಕ್ರಾ ಆಮೇಲಾಮೇಲೆ ತಾನೇ ಮುಂದಾಗಿ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಫೈಸಲ್ ಕೂಡ ನಿದ್ದೆಯಲ್ಲಿ ಎರಡೂ ಕೈಯಿಂದ ಹಾಸಿಗೆಯನ್ನು ಕೆರೆಯುತ್ತಿದ್ದ.

ಬೇಸಿಗೆಯಲ್ಲಿ ಒಂದು ದಿನ ಅವಳು ಬಸ್ಸು ಹತ್ತಿ ಪಿರಿಯಾಪಟ್ಟಣಕ್ಕೆ ಹೋದಳು. ಒಬ್ಬಳೇ ಹೋದಳು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಕಳೆಯಬೇಕಾದ ಇದ್ದತ್ ಖಮರುನ್ನೀಸಾರಿಗೆ ಮುಗಿದಿತ್ತು; ಊರುಗೋಲು ಹಿಡಿದು ಅಡುಗೆಮನೆವರೆಗೆ ನಡೆಯುತ್ತಿದ್ದರು. ಚಹಾ ಕುಡಿಯುತ್ತಿರುವಾಗ ಫೋನು ಬಂತು. ವೀಡಿಯೋದಲ್ಲಿ ಎನುಂಗ್. ವಾರಕ್ಕೊಮ್ಮೆ ಹೀಗೆ ಮಾಡುತ್ತಾಳೆ ಎಂದರು ಖಮರುನ್ನೀಸಾ.

ಇಬ್ಬರೂ ಸಲಾಮ್ ಹೇಳಿಕೊಂಡರು. ಎನುಂಗ್ ಫೋನನ್ನು ತಿರುಗಿಸಿ ಹೊಸದಾಗಿ ಎದ್ದ ಬಿದಿರಿನ ಗೋಡೆ ತೋರಿಸಿದಳು. ಫೋನು ಹಿಡಿದೇ ಖಬರಸ್ತಾನದವರೆಗೆ ನಡೆದು ಹೋದಳು. ಎರಡು ಗೋರಿಗಳ ಮೇಲೂ ಹುಲ್ಲು ಬಂದಿತ್ತು. ಅವಳು ಮೊದಲು ಅಜೀಜ್ ಸಾಹೇಬರ ಗೋರಿಯ ಹುಲ್ಲು ಕಿತ್ತಳು, ಆಮೇಲೆ ತನ್ನ ಗಂಡನದು.

ಖಮರುನ್ನೀಸಾ ಫೋನನ್ನು ಮಡಿಲಲ್ಲಿ ಎರಡೂ ಕೈಯಿಂದ ಹಿಡಿದು ನೋಡುತ್ತಿದ್ದರು. "ಶಹನಾಜ್, ಅವಳಿಗೆ ಅವರ ಭಾಷೇಲಿ ಉಪಕಾರ ಅಂತ ಹೇಳೋಕೆ ಬರುತ್ತಾ ನಿನಗೆ?" ಎಂದು ಕೇಳಿದರು.

"ಬರಲ್ಲ ಖಾಲಾ," ಎಂದಳು ಶಹನಾಜ್. ಅವರ ಪಕ್ಕಕ್ಕೆ ಸರಿದು ಕೂತು, ಪರದೆಯಲ್ಲಿ ತನ್ನ ಮುಖವೂ ಎನುಂಗಳಿಗೆ ಕಾಣುವ ಹಾಗೆ ಬಾಗಿದಳು.